ಅಕ್ಕಿಯೋ ಹಕ್ಕಿಯೋ: ಮೊದಲು ಕಿವಿ, ಆಮೇಲೆ ಪೆನ್ಸಿಲ್

ಪ್ರಶ್ನೆ: ನಮ್ಮದು ಬೇಲೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಎಂಟು ವರ್ಷ, ಮೂರನೇ ತರಗತಿ. ಓದುವುದು ಪರವಾಗಿಲ್ಲ. ಬರೆಯುವಾಗ ಮಾತ್ರ ‘ಅಕ್ಕಿ’ ಇರಬೇಕಾದ ಕಡೆ ‘ಹಕ್ಕಿ’, ‘ಹಳ್ಳಿ’ ಇರಬೇಕಾದ ಕಡೆ ‘ಹಲ್ಲಿ’. ತಪ್ಪಾದ ಪದವನ್ನು ಹತ್ತು ಸಲ ಬರೆಸಿದರೂ ಮಾರನೇ ದಿನ ಮತ್ತೆ ಅದೇ. ಮನೆಯಲ್ಲಿ ಅಜ್ಜಿಯೂ ನಾವೂ ‘ಆಲು’, ‘ಅಸು’ ಎಂದೇ ಮಾತಾಡುತ್ತೇವೆ. ಅಜ್ಜಿ ಹತ್ತಿರ ಜಾಸ್ತಿ ಬಿಡಬೇಡಿ ಎಂದು ಒಬ್ಬರು ಹೇಳಿದ್ದಾರೆ. ಇಂಗ್ಲಿಷ್‌ನಲ್ಲೂ ಒಂದೇ ಥರ ಕೇಳಿಸುವ ಪದಗಳ ಸ್ಪೆಲ್ಲಿಂಗ್ ಅದಲು ಬದಲಾಗುತ್ತದೆ. ಏನು ಮಾಡಬೇಕು?

ಉತ್ತರ: ಎರಡು ವಿಷಯ ಮೊದಲೇ ಹೇಳಿಬಿಡುತ್ತೇವೆ. ಅಜ್ಜಿಯಿಂದ ಮಗುವನ್ನು ದೂರ ಇಡಬೇಡಿ. ಹತ್ತು ಸಲ ಬರೆಸುವುದನ್ನು ಇವತ್ತೇ ನಿಲ್ಲಿಸಿ.

ಹತ್ತು ಸಲ ಬರೆಸಿದರೂ ಏಕೆ ಉಪಯೋಗವಿಲ್ಲ? ಮೊದಲ ಸಾಲು ಬರೆದಾದ ಮೇಲೆ ಉಳಿದ ಒಂಬತ್ತು ಸಾಲನ್ನು ಮಗು ಮೇಲೆ ನೋಡಿ ಇಳಿಸಿಕೊಳ್ಳುತ್ತದೆ. ಅದರಲ್ಲಿ ‘ಇದೋ, ಅದೋ’ ಎಂದು ಆರಿಸುವ ಕೆಲಸವೇ ಇಲ್ಲ. ನಿಮ್ಮ ಮಗಳು ಎಡವುತ್ತಿರುವುದು ಆರಿಸುವ ಆ ಒಂದು ಕ್ಷಣದಲ್ಲಿ. ಕೈಗೆ ‘ಅಕ್ಕಿ’ ಬರೆಯುವುದು ಗೊತ್ತು, ‘ಹಕ್ಕಿ’ ಬರೆಯುವುದೂ ಗೊತ್ತು. ಈಗ ಯಾವುದು ಬೇಕು ಎಂದು ಹೇಳಬೇಕಾದ ಕಿವಿಗೆ ಅಭ್ಯಾಸವಾಗಿಲ್ಲ.

ಕನ್ನಡದಲ್ಲಿ ಉಚ್ಚರಿಸಿದಂತೆ ಬರೆಯುತ್ತೇವೆ. ಹಾಗಾಗಿ ಉಚ್ಚಾರ ಪೂರ್ತಿ ಒಂದೇ ಆಗಿದ್ದು ಬರಹ ಬೇರೆಯಾಗುವ ಪದಗಳು ನಮ್ಮಲ್ಲಿ ಬಹಳ ಕಡಿಮೆ. ಅಕ್ಕಿ–ಹಕ್ಕಿ, ಬೆಲೆ–ಬೆಳೆ, ಅನ್ನ–ಅಣ್ಣ ಇವೆಲ್ಲ ನಿಜವಾಗಿ ಬೇರೆ ಬೇರೆ ಸದ್ದುಗಳು, ಕೆಲವರ ಆಡುಮಾತಿನಲ್ಲಿ ಒಂದಾಗಿರುತ್ತವೆ ಅಷ್ಟೆ. ಇಂಗ್ಲಿಷ್‌ನ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಕಿವಿ ಎಷ್ಟು ಚುರುಕಾಗಿದ್ದರೂ ಸಾಲದು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಎರಡೂ ವಾಸಿಯಾಗುವುದಿಲ್ಲ, ಅದಕ್ಕೇ ಇಂಗ್ಲಿಷಿನ ಮಾತನ್ನು ಕೊನೆಗೆ ಬೇರೆಯಾಗಿ ಹೇಳುತ್ತೇವೆ.

ಮೊದಲು ತೊಡಕು ಎಲ್ಲಿದೆ ಎಂದು ನೋಡಿಕೊಳ್ಳಿ. ಹದಿನೈದು ನಿಮಿಷದ ಕೆಲಸ, ಮೂರು ಹಂತ.

ಕೇಳುವುದು: ಮಗುವಿಗೆ ನಿಮ್ಮ ಬಾಯಿ ಕಾಣದಂತೆ ಒಂದು ಪುಸ್ತಕ ಅಡ್ಡ ಹಿಡಿದು ಹತ್ತು ಜೋಡಿ ಹೇಳಿ. ಐದು ಜೋಡಿಯಲ್ಲಿ ಎರಡೂ ಒಂದೇ ಪದ (ಹಕ್ಕಿ–ಹಕ್ಕಿ), ಐದರಲ್ಲಿ ಬೇರೆ ಬೇರೆ (ಆಡು–ಹಾಡು), ಎಲ್ಲವೂ ಕಲಸಿಕೊಂಡಿರಲಿ. ‘ಒಂದೇನಾ, ಬೇರೇನಾ?’ ಎಂದಷ್ಟೇ ಕೇಳಿ. ಸುಮ್ಮನೆ ಊಹೆ ಮಾಡಿದರೂ ಐದು ಸರಿಯಾಗುವುದರಿಂದ ಆರು, ಏಳು ಬಂದರೆ ಕೇಳಿಸುತ್ತಿದೆ ಎಂದು ತಿಳಿಯಬೇಡಿ. ಒಂಬತ್ತಾದರೂ ಬರಬೇಕು. ನಿಮ್ಮ ಬಾಯಲ್ಲೇ ‘ಹ’ ನಿಲ್ಲದಿದ್ದರೆ ಸ್ಪಷ್ಟವಾಗಿ ಹೇಳುವ ಯಾರಿಂದಲಾದರೂ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಸಿ.

ಹೇಳುವುದು: ಹನ್ನೆರಡು ಚಿತ್ರ ತೋರಿಸಿ ಹೆಸರು ಹೇಳಿಸಿ. ಹೆಸರನ್ನು ನೀವು ಮೊದಲು ಹೇಳಬಾರದು.

ಬರೆಯುವುದು: ಅದೇ ಹನ್ನೆರಡು ಚಿತ್ರಗಳ ಹೆಸರನ್ನು ಬರೆಸಿ. ಇದನ್ನು ಬಾಯಿಂದ ಉಕ್ತಲೇಖನ ಕೊಡಬೇಡಿ. ನೀವು ‘ಆಲು’ ಎಂದು ಹೇಳಿ ಮಗು ‘ಆಲು’ ಎಂದು ಬರೆದರೆ ಮಗು ಬರೆದದ್ದು ಸರಿಯೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೈಸಿಕೊಳ್ಳುವುದು ಕೇಳಿದ್ದನ್ನು ಕೇಳಿದಂತೆಯೇ ಬರೆದ ತಪ್ಪಿಗೆ.

ಕೇಳುವುದರಲ್ಲೇ ಸೋತರೆ ಬರೆಸುವುದನ್ನು ಸದ್ಯಕ್ಕೆ ಬದಿಗಿಡಿ. ಕೇಳಿಸುತ್ತದೆ, ಆದರೆ ಹೇಳುವಾಗ ಮನೆಮಾತೇ ಬರುತ್ತದೆ ಎಂದಾದರೆ ಗಾಬರಿ ಬೇಡ. ಹಾಸನ ಸೀಮೆಯ ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಕೇಳುವುದು, ಹೇಳುವುದು ಎರಡೂ ಸರಿಯಿದ್ದು ಬರಹ ಮಾತ್ರ ತಪ್ಪಾದರೆ ಅದು ಹೆಚ್ಚಾಗಿ ಅವಸರ. ಬರೆದದ್ದನ್ನು ಗಟ್ಟಿಯಾಗಿ ಓದಿಸುವ ರೂಢಿ ಹಾಕಿದರೆ ತಾನಾಗಿ ಇಳಿಯುತ್ತದೆ.

ಒಂದು ಸಲಕ್ಕೆ ಒಂದೇ ಭೇದ ಹಿಡಿಯಿರಿ. ಮೊದಲು ಅ–ಹ, ಅದು ಗಟ್ಟಿಯಾದ ಮೇಲೆ ಲ–ಳ, ಆಮೇಲೆ ನ–ಣ. ಒಂದೊಂದಕ್ಕೆ ಮೂರು ವಾರ, ದಿನಕ್ಕೆ ಹತ್ತು ನಿಮಿಷ. ಮೊದಲ ವಾರ ಕೇಳುವುದು, ಎರಡನೇ ವಾರ ಹೇಳುವುದು, ಮೂರನೇ ವಾರ ಬರೆಯುವುದು. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದನ್ನು ಎರಡು ಬೇರೆ ಬೇರೆ ದಿನ ಸರಿ ಬರೆದರೆ ಮುಂದಿನದಕ್ಕೆ ಹೋಗಬಹುದು.

ಇನ್ನೊಂದು ಮುಖ್ಯ ಮಾತು. ಜೋಡಿಪದಗಳನ್ನು ಜೋಡಿಯಾಗಿಯೇ ಕಲಿಸಲು ಹೊರಡಬೇಡಿ. ‘ಇದು ಅಕ್ಕಿ, ಅದು ಹಕ್ಕಿ, ಕಲಸಬೇಡ’ ಎಂದು ಒಟ್ಟಿಗೆ ಕೊಟ್ಟರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ‘ಇವೆರಡರಲ್ಲಿ ಯಾವುದೋ ಒಂದು’ ಎನ್ನುವುದು ಮಾತ್ರ ಮಗುವಿನ ನೆನಪಿನಲ್ಲಿ ಉಳಿಯುತ್ತದೆ. ಮೊದಲ ವಾರ ಹಕ್ಕಿ, ಹಾಲು, ಹುಲಿ, ಹೂವು, ಹಣ್ಣು, ಹಸು ಈ ಆರೇ ಪದ ಚಿತ್ರದೊಂದಿಗೆ ನೆಲೆ ನಿಲ್ಲಲಿ. ಅಕ್ಕಿ, ಆಡು, ಎಣ್ಣೆ, ಉಳಿ ಎರಡನೇ ವಾರ ಬರಲಿ. ಪರೀಕ್ಷೆಗೆ ಕೊಡುವ ‘ತಪ್ಪನ್ನು ಗುರುತಿಸಿ’ ಥರದ ಹಾಳೆಗಳನ್ನೂ ಈ ಹಂತದಲ್ಲಿ ಮುಟ್ಟಬೇಡಿ. ಸರಿಯಾದ ರೂಪವೇ ಕಣ್ಣಿಗೆ ಕೂರದ ಮಗುವಿನ ಮುಂದೆ ತಪ್ಪು ರೂಪವನ್ನು ಅಚ್ಚುಹಾಕಿ ಇಟ್ಟರೆ ಅದೂ ಕೂರುತ್ತದೆ.

‘ಹ’ ಹೇಳಿಸುವ ಬಗೆ ಹೀಗೆ. ಮಗು ಅಂಗೈಯನ್ನು ಬಾಯಿಯಿಂದ ಎರಡು ಮೂರು ಬೆರಳಿನಷ್ಟು ದೂರ ಹಿಡಿಯಲಿ. ‘ಅ’ ಅಂದಾಗ ಅಂಗೈಗೆ ಹೆಚ್ಚೇನೂ ತಾಗುವುದಿಲ್ಲ. ‘ಹ’ ಅಂದಾಗ ಬಿಸಿ ಉಸಿರು ತಾಗುತ್ತದೆ. ಮೊದಲು ದನಿಯಿಲ್ಲದೆ ಬರೀ ಉಸಿರು, ಆಮೇಲೆ ‘ಹಾ, ಹೂ, ಹೋ’, ಆಮೇಲೆ ಪದ. ದೀರ್ಘಸ್ವರದ ಹಾಲು, ಹೂವು, ಹಾಡು ಮೊದಲಿರಲಿ, ಉಸಿರನ್ನು ಗಮನಿಸಲು ಮಗುವಿಗೆ ಸಮಯ ಸಿಗುತ್ತದೆ. ಹಸು, ಹುಳಿ, ಹತ್ತು ನಂತರ. ‘ಹ’ವನ್ನು ಗಂಟಲು ಕೆರೆಯುವಂತೆ ಒತ್ತಿ ಹೇಳಿಸಬೇಡಿ. ಒತ್ತಿ ಕಲಿತದ್ದು ಸಹಜ ಮಾತಿಗೆ ಇಳಿಯುವುದಿಲ್ಲ.

ಮೂರನೇ ವಾರದ ಹೊತ್ತಿಗೆ ಒಂದು ಹೊಸ ತಪ್ಪು ಶುರುವಾಗುತ್ತದೆ, ಸಿದ್ಧವಾಗಿರಿ. ಮಗು ‘ಹಾನೆ’, ‘ಹೆಣ್ಣೆ’, ‘ಹಾಕಾಶ’ ಎಂದು ಬರೆಯುತ್ತದೆ. ‘ಹ ಬಿಟ್ಟೆ, ಹ ಬಿಟ್ಟೆ’ ಎಂದು ಕೇಳಿ ಕೇಳಿ, ಸಂದೇಹ ಬಂದ ಕಡೆಯಲ್ಲೆಲ್ಲ ‘ಹ’ ಹಾಕುವುದು ಕ್ಷೇಮ ಎಂದು ತೀರ್ಮಾನಿಸಿರುತ್ತದೆ. ಅಕ್ಕಿಯ ಜಾಗದಲ್ಲಿ ‘ಹಕ್ಕಿ’ ಬರೆಯುವ ನಿಮ್ಮ ಮಗಳು ಬಹುಶಃ ಈಗಾಗಲೇ ಈ ಘಟ್ಟದಲ್ಲಿದ್ದಾಳೆ. ಬೈಗುಳ ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ. ಮದ್ದು ಸುಲಭ: ಅಭ್ಯಾಸಕ್ಕೆ ಕೊಡುವ ಪದಗಳಲ್ಲಿ ಸರಿಯಾಗಿ ಅರ್ಧ ಸ್ವರದಿಂದ ಶುರುವಾಗುವ ಪದಗಳಿರಲಿ, ಅವನ್ನು ಸರಿ ಬರೆದಾಗಲೂ ಅಷ್ಟೇ ಮೆಚ್ಚಿ.

ನಿಮ್ಮ ಜಿಲ್ಲೆಯ ಊರುಗಳೇ ಇದಕ್ಕೆ ಒಳ್ಳೆಯ ಪಾಠ. ಹಾಸನ, ಹೊಳೆನರಸೀಪುರ, ಹಳೇಬೀಡು ಒಂದು ಕಡೆ. ಆಲೂರು, ಅರಸೀಕೆರೆ, ಅರಕಲಗೂಡು ಇನ್ನೊಂದು ಕಡೆ. ಬಸ್ ನಿಲ್ದಾಣಕ್ಕೆ ಹೋದಾಗ ಬೋರ್ಡ್ ಓದಿಸಿ, ಮನೆಗೆ ಬಂದು ನೆನಪಿನಿಂದ ಬರೆಸಿ. ‘ಹ’ ಬಿಟ್ಟರೆ ‘ಹಾಸನ’ ಊರಾಗಿ ಉಳಿಯದೆ ಕೂರುವ ‘ಆಸನ’ ಆಗುತ್ತದೆ ಎನ್ನುವುದು ಮಕ್ಕಳಿಗೆ ಒಮ್ಮೆ ಹೇಳಿದರೆ ಮರೆಯುವುದಿಲ್ಲ.

ಯಾವ ಪದಕ್ಕೆ ‘ಹ’, ಯಾವುದಕ್ಕೆ ಇಲ್ಲ ಎಂದು ದೊಡ್ಡವರಿಗೇ ಅನುಮಾನ ಬಂದರೆ ಒಂದು ಆಸರೆ ಇದೆ. ಅಚ್ಚಗನ್ನಡ ಪದಗಳ ಮೊದಲಲ್ಲಿರುವ ‘ಹ’ ಹೆಚ್ಚಿನಂಶ ಹಳಗನ್ನಡದ ‘ಪ’. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ನಿಮ್ಮ ತಾಲ್ಲೂಕಿನದೇ ಆದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ‘ಪಲ್ಮಡಿ’ ಎಂದು ಪ-ಕಾರದಿಂದಲೇ ಇದೆ. ಇವತ್ತಿನ ಕನ್ನಡದಲ್ಲೂ ಇದರ ಗುರುತು ಉಳಿದಿದೆ: ಹತ್ತು, ಆದರೆ ಇಪ್ಪತ್ತು, ಎಪ್ಪತ್ತು. ಮೂಡಿಗೆರೆ, ಸಕಲೇಶಪುರದ ಕಡೆ ತುಳು ಮಾತಾಡುವವರು ಇದ್ದರೆ ಕೇಳಿ ನೋಡಿ, ಹುಲಿಗೆ ಪಿಲಿ, ಹೂವಿಗೆ ಪೂ, ಹತ್ತಕ್ಕೆ ಪತ್ತ್ ಅನ್ನುತ್ತಾರೆ. ಅಕ್ಕಿ, ಎಣ್ಣೆ, ಆನೆಗೆ ಎಂದೂ ‘ಪ’ ಇರಲಿಲ್ಲ, ಹಾಗಾಗಿ ‘ಹ’ವೂ ಇಲ್ಲ. ಇದು ಕಲಿಸುವವರ ತಿಳಿವಳಿಕೆಗೆ, ಎಂಟು ವರ್ಷದ ಮಗುವಿಗೆ ಸೂತ್ರವಾಗಿ ಒಪ್ಪಿಸಲು ಅಲ್ಲ.

ಈಗ ಅಜ್ಜಿಯ ವಿಷಯ. ‘ಆಲು’, ‘ಅಸು’, ‘ಅಬ್ಬ’ ತಪ್ಪು ಕನ್ನಡವಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಜನರ ಜೀವಂತ ಮಾತು ಅದು. ಮಗುವಿನ ಪದಸಂಪತ್ತಿನ ದೊಡ್ಡ ಪಾಲು ಬರುವುದು ಮನೆಯಲ್ಲಿ ಕೇಳಿದ ಮಾತಿನಿಂದ, ಅಜ್ಜಿ ಹೇಳುವ ಕತೆ, ಗಾದೆ, ಒಗಟಿನಿಂದ. ಅದನ್ನು ಕಿತ್ತುಕೊಂಡರೆ ‘ಹ’ ಬಂದೀತು, ಬರೆಯಲು ಏನೂ ಉಳಿಯದು. ಮಗುವಿಗೆ ಎರಡು ಹೆಸರು ಕೊಡಿ: ಒಂದು ಮನೆಮಾತು, ಇನ್ನೊಂದು ಪುಸ್ತಕದ ಮಾತು. ‘ಅಜ್ಜಿ ಹೇಳಿದ್ದು ತಪ್ಪು’ ಎನ್ನುವ ಮಾತು ಮಗುವಿನ ಎದುರು ಬರಲೇಬಾರದು. ‘ಅಜ್ಜಿ ಮನೆಮಾತಲ್ಲಿ ಹೇಳಿದ್ದನ್ನು ನೀನು ಪುಸ್ತಕದ ಮಾತಲ್ಲಿ ಬರಿ’ ಎನ್ನಿ. ಅಜ್ಜಿ ‘ಅಸು ಆಲು ಕೊಡ್ತದೆ’ ಎನ್ನಲಿ, ಮಗು ‘ಹಸು ಹಾಲು ಕೊಡುತ್ತದೆ’ ಎಂದು ಬರೆಯಲಿ. ದಿನಕ್ಕೆ ಮೂರು ವಾಕ್ಯ ಸಾಕು. ನಮ್ಮ ತಿಳಿವಳಿಕೆಯಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ. ಆರಿಸುವ ಕೆಲಸ ಪ್ರತಿ ಪದಕ್ಕೂ ಇರುತ್ತದೆ, ಅಜ್ಜಿಯ ಮರ್ಯಾದೆಯೂ ಉಳಿಯುತ್ತದೆ.

ಲ–ಳ ಭೇದಕ್ಕೆ ಕನ್ನಡಿ ಬೇಕು. ‘ಆಲಾ’ ಅನ್ನುವಾಗ ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದಕ್ಕೆ ತಾಗುತ್ತದೆ. ‘ಆಳಾ’ ಅನ್ನುವಾಗ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ, ಬಾಯಿ ಅಗಲವಾಗಿ ತೆರೆದಿದ್ದರೆ ನಾಲಗೆಯ ಅಡಿಭಾಗ ಕನ್ನಡಿಯಲ್ಲಿ ಕಾಣುತ್ತದೆ. ಇದನ್ನು ನೋಡುವುದೆಂದರೆ ಮಕ್ಕಳಿಗೆ ಇಷ್ಟ. ಒತ್ತಕ್ಷರ ಇರುವ ಪದಗಳಿಂದ ಶುರುಮಾಡಿ: ಕಲ್ಲು, ಬೆಲ್ಲ, ಹಲ್ಲಿ ಮೊದಲು, ಕಳ್ಳ, ಬೆಳ್ಳಿ, ಹಳ್ಳಿ ನಂತರ. ಒತ್ತಕ್ಷರದಲ್ಲಿ ನಾಲಗೆ ಅದೇ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ. ಕಾಲು–ಕಾಳು, ಎಲೆ–ಎಳೆ, ಬಲೆ–ಬಳೆ, ಹುಲಿ–ಹುಳಿ ಆಮೇಲೆ. ಕಾಫಿ, ಮೆಣಸು ಬೆಳೆಯುವ ಮನೆಗಳಲ್ಲಿ ಬೆಳೆ, ಬೆಲೆ ಎರಡೂ ದಿನವೂ ಕಿವಿಗೆ ಬೀಳುವ ಮಾತು: ‘ಈ ಸಲ ಬೆಳೆ ಕಡಿಮೆ, ಬೆಲೆ ಜಾಸ್ತಿ.’ ಇದನ್ನೇ ಬರೆಸಿ. ಒಂದೇ ಪದದಲ್ಲಿ ಎರಡೂ ಇರುವ ಕಳಲೆ, ಅಳಿಲು ಕೊನೆಗೆ. ಮಲೆನಾಡನ್ನು ‘ಮಳೆನಾಡು’ ಎಂದು ಬರೆದ ಮಗುವನ್ನು ಬೈಯಬೇಡಿ. ಜೂನ್‌ನಿಂದ ಸುರಿಯುವುದನ್ನು ನೋಡುವ ಮಗು ಅರ್ಥ ಹುಡುಕಿಯೇ ಬರೆದಿದೆ. ‘ಮಲೆ’ ಎಂದರೆ ಬೆಟ್ಟ ಎಂದು ಹೇಳಿ ಮುಳ್ಳಯ್ಯನಗಿರಿಯ ಕಡೆ ಕೈ ತೋರಿಸಿದರೆ ಮುಗಿಯಿತು.

ಲ–ಳ ವಿಷಯದಲ್ಲಿ ಪದಪಟ್ಟಿಗಿಂತ ಹೆಚ್ಚು ಫಲ ಕೊಡುವುದು ಬೇರೊಂದಿದೆ, ಅದನ್ನು ಯಾರೂ ಅಷ್ಟಾಗಿ ಕಲಿಸುವುದಿಲ್ಲ. ಮಗು ಬರೆಯುವ ವಾಕ್ಯಗಳಲ್ಲಿ ಈ ಅಕ್ಷರಗಳು ಹೆಚ್ಚಾಗಿ ಬರುವುದು ಪ್ರತ್ಯಯಗಳಲ್ಲಿ, ಅವಕ್ಕೆ ನಿಯಮ ಉಂಟು. ‘ಗಳು’ ಯಾವಾಗಲೂ ಳ: ಮರಗಳು, ಮಕ್ಕಳು. ಹೆಣ್ಣಿನ ಕ್ರಿಯಾಪದ ಯಾವಾಗಲೂ ಳ: ಬಂದಳು, ಓದುತ್ತಾಳೆ. ‘ಅಲ್ಲಿ’ ಯಾವಾಗಲೂ ಲ: ಮನೆಯಲ್ಲಿ, ತೋಟದಲ್ಲಿ. ಇಲ್ಲ, ಅಲ್ಲ, ಬಲ್ಲ, ಒಲ್ಲೆ ಎಲ್ಲ ಲ. ಇದರ ಜೊತೆಗೆ ಒಂದು ಗಟ್ಟಿ ನಿಯಮ: ಕನ್ನಡದಲ್ಲಿ ಪದದ ಮೊದಲಕ್ಷರವಾಗಿ ಳ, ಣ ಬರುವುದೇ ಇಲ್ಲ. ಇವಿಷ್ಟನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಓದುವ ಮೇಜಿನ ಎದುರು ಅಂಟಿಸಿದರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ. ಊರ ಹೆಸರು ಇಲ್ಲೂ ಒದಗುತ್ತದೆ: ಬೇಲೂರು, ಆಲೂರು ಲ, ಹಳೇಬೀಡು, ಚಿಕ್ಕಮಗಳೂರು ಳ. ಶ್ರವಣಬೆಳಗೊಳವನ್ನು ಸರಿಯಾಗಿ ಬರೆದ ಮಗುವಿಗೆ ಶ, ಣ, ಳ ಮೂರೂ ಒಲಿದವು ಎಂದೇ ಲೆಕ್ಕ.

ನ–ಣ ಇಷ್ಟು ಕಷ್ಟವಲ್ಲ. ನಾಲಗೆ ಮಡಚುವುದು ‘ಳ’ದಲ್ಲಿ ಬಂದಿದ್ದರೆ ‘ಣ’ ಸುಲಭ. ಅನ್ನ–ಅಣ್ಣ, ಬೆನ್ನು–ಬೆಣ್ಣೆ, ಕೊನೆ–ಕೋಣೆ ಸಾಕು. ‘ಮರವನ್ನು’, ‘ಅವಳನ್ನು’ ಎನ್ನುವ ‘ಅನ್ನು’ ಯಾವಾಗಲೂ ನ.

ಮನೆಯ ಭಾಷೆ ಬೇರೆಯಾದರೆ ತಪ್ಪಿನ ಜಾಗವೂ ಬೇರೆ. ಉರ್ದು ಮನೆಮಾತಿನ ಮಕ್ಕಳಿಗೆ ‘ಹ’ವೂ ಮಹಾಪ್ರಾಣವೂ ಸಲೀಸು, ಳ–ಣ ಕಷ್ಟ, ಅವರ ಭಾಷೆಯಲ್ಲಿ ಆ ಎರಡು ಸದ್ದು ಇಲ್ಲ. ಎಸ್ಟೇಟ್‌ಗಳಲ್ಲಿರುವ ತಮಿಳು ಮನೆಮಾತಿನ ಮಕ್ಕಳಿಗೆ ಳ, ಣ ಸುಲಭ, ಮಹಾಪ್ರಾಣ ಕಷ್ಟ. ಇಡೀ ತರಗತಿಗೆ ಒಂದೇ ಪದಪಟ್ಟಿ ಕೊಡುವ ಮೊದಲು ಶಿಕ್ಷಕರು ಇದನ್ನು ನೋಡಿಕೊಳ್ಳಬೇಕು.

ದನ–ಧನ, ಸಾಲು–ಶಾಲು, ಬಾವಿ–ಭಾವಿ ಥರದ ಪದಗಳನ್ನು ಈಗಲೇ ಎತ್ತಿಕೊಳ್ಳಬೇಡಿ. ಮಹಾಪ್ರಾಣ ಬರುವುದು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿ, ಮಾತಿನಲ್ಲಿ ಅದನ್ನು ಸ್ಪಷ್ಟವಾಗಿ ಹೇಳುವವರು ಕಡಿಮೆ. ಇಲ್ಲಿ ಕಿವಿ ಸಹಾಯಕ್ಕೆ ಬರುವುದಿಲ್ಲ, ಓದಿನ ನೆನಪೇ ಗತಿ. ನಾಲ್ಕು, ಐದನೇ ತರಗತಿಯಲ್ಲಿ ಪಾಠದಲ್ಲಿ ಬಂದಂತೆ ವಾರಕ್ಕೆ ಮೂರು ನಾಲ್ಕು ಪದ ಸಾಕು. ಸಂಸ್ಕೃತದ ಪದಗಳಲ್ಲಿ ಸ, ಶ, ಷ ಯಾವುದೆಂಬ ಅನುಮಾನ ಬಂದರೆ, ಟ, ಠ, ಣ ಒತ್ತಾಗಿ ಬಂದ ಕಡೆ ಷ (ಕಷ್ಟ, ಕಾಷ್ಠ, ಕೃಷ್ಣ) ಎಂಬ ಒಂದು ಸೂತ್ರವನ್ನು ಮಾತ್ರ ಈಗಲೇ ಹೇಳಬಹುದು. ‘ಕಥೆ’, ‘ಕತೆ’ ಎರಡೂ ಸರಿ, ಅದಕ್ಕೆ ಅಂಕ ಕಳೆಯುವುದು ಅನ್ಯಾಯ.

ಕಾಲು, ಹತ್ತು, ಅಡಿ, ಮುತ್ತು, ತಿಂಗಳು ಇವು ಒಂದೇ ರೂಪ, ಹಲವು ಅರ್ಥದ ಪದಗಳು. ಬರಹದಲ್ಲಿ ತಪ್ಪಾಗುವ ಪ್ರಶ್ನೆಯೇ ಇಲ್ಲವಾದ್ದರಿಂದ ಇವನ್ನು ತಿದ್ದುವ ಪಟ್ಟಿಗೆ ಸೇರಿಸಬೇಡಿ, ಊಟದ ಹೊತ್ತಿನ ಆಟಕ್ಕೆ ಇಟ್ಟುಕೊಳ್ಳಿ. ‘ಹತ್ತು ಜನ ಬೆಟ್ಟ ಹತ್ತಿದರು, ಒಲೆಗೆ ಬೆಂಕಿ ಹತ್ತಿತು’ ಎಂದು ವಾಕ್ಯ ಕಟ್ಟುತ್ತಾ ಹೋದರೆ ಅರ್ಥವನ್ನು ವಾಕ್ಯದಿಂದ ಹಿಡಿಯುವ ಬುದ್ಧಿ ಬೆಳೆಯುತ್ತದೆ.

ತಿದ್ದುವಾಗ ಕೆಂಪು ಗೀಟು ಬೇಡ. ಮಗು ‘ಅಮ್ಮ ಹಕ್ಕಿ ತೊಳೆದಳು’ ಎಂದು ಬರೆದರೆ ಅದನ್ನೇ ಗಟ್ಟಿಯಾಗಿ ಓದಿಸಿ, ಓದಿದ್ದರ ಚಿತ್ರ ಬರೆಯಲು ಹೇಳಿ. ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ತಪ್ಪು ಅದಕ್ಕೇ ಗೊತ್ತಾಗುತ್ತದೆ, ತಾನೇ ತಿದ್ದುತ್ತದೆ. ಅಣ್ಣಂದಿರು, ನೆಂಟರು ಇರುವಾಗ ಇದನ್ನು ಮಾಡಬೇಡಿ. ನಗುವವರ ಮುಂದೆ ತಿದ್ದಿಸಿಕೊಂಡ ಮಗು ಮುಂದೆ ಅನುಮಾನ ಬಂದ ಪದವನ್ನೇ ಬರೆಯುವುದಿಲ್ಲ, ಸಣ್ಣ ಸಣ್ಣ ವಾಕ್ಯದಲ್ಲಿ ಮುಗಿಸಿಬಿಡುತ್ತದೆ.

ಇಂಗ್ಲಿಷ್‌ಗೆ ಬಂದರೆ, ‘ದೇರ್’ ಎಂದು ಕೇಳಿಸುವ ಎರಡು ಪದ (there, their), ‘ಟೂ’ ಎಂದು ಕೇಳಿಸುವ ಮೂರು ಪದ (to, too, two) ಸದ್ದಿನಲ್ಲಿ ನಿಜಕ್ಕೂ ಒಂದೇ. ಕನ್ನಡದಲ್ಲಿ ಕೇಳಿದಂತೆ ಬರೆಯಲು ಕಲಿತ ಮಗು ಇಲ್ಲಿ ದಿಕ್ಕೆಡುವುದು ಸಹಜ. ಇಲ್ಲಿ ಪ್ರತಿ ಸ್ಪೆಲ್ಲಿಂಗನ್ನೂ ಅರ್ಥಕ್ಕೆ ಕಟ್ಟಬೇಕು. ‘ಅಲ್ಲಿ’ ಎನ್ನುವ ದೇರ್ ಅನ್ನು ಹಿಯರ್ (ಇಲ್ಲಿ), ವೇರ್ (ಎಲ್ಲಿ) ಜೊತೆ ಕಲಿಸಿ, ಜಾಗ ಹೇಳುವ ಮೂರರಲ್ಲೂ ಎಚ್-ಇ-ಆರ್-ಇ ಇದೆ. ‘ಕೇಳು’ ಎನ್ನುವ ಹಿಯರ್‌ನೊಳಗೆ ಕಿವಿಯ ಇ-ಎ-ಆರ್ ಇದೆ. ಎರಡು ಎನ್ನುವ ಟೂ, ಟ್ವೆಲ್ವ್, ಟ್ವೆಂಟಿ, ಟ್ವಿನ್ ಎಲ್ಲದರಲ್ಲೂ ಟಿ-ಡಬ್ಲ್ಯೂ ಇದೆ. ಹೆಚ್ಚು ಬಳಕೆಯ ಒಂದನ್ನು ಮೊದಲು ಒಂಟಿಯಾಗಿ ಕಲಿಸಿ, ಎರಡು ವಾರ ತಪ್ಪಿಲ್ಲದೆ ಬರೆದ ಮೇಲೆ ಎರಡನೆಯದು. ವೆಸ್ಟ್ (vest–west), ವೈನ್ (vine–wine) ಥರದ ಕೆಲವು ಜೋಡಿ ಮಾತ್ರ ಬೇರೆ ಬಗೆ. ನಮ್ಮ ‘ವ’ ಒಂದೇ ಆದ್ದರಿಂದ ಅವು ನಮ್ಮ ಬಾಯಲ್ಲಿ ಒಂದಾಗುತ್ತವೆ. ‘ವಿ’ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ‘ಡಬ್ಲ್ಯೂ’ಗೆ ತುಟಿ ದುಂಡಗಾಗಬೇಕು. ಇವಕ್ಕೆ ಕನ್ನಡದ ದಾರಿಯೇ ಸರಿ, ಕಿವಿ ಮತ್ತು ಕನ್ನಡಿ. ಕನ್ನಡದ ಅ–ಹ ಮುಗಿಯುವವರೆಗೆ ಇಂಗ್ಲಿಷಿನ ಜೋಡಿಗಳನ್ನು ಹೊಸದಾಗಿ ತೆಗೆಯಬೇಡಿ.

ಮೂರು ವಾರ ಕೇಳುವ ಆಟ ಆಡಿಸಿದರೂ ಹತ್ತರಲ್ಲಿ ಆರೇಳರ ಮೇಲೆ ಹೋಗದಿದ್ದರೆ, ಅಥವಾ ಮಗುವಿಗೆ ಪದೇ ಪದೇ ಶೀತವಾಗಿ ಕಿವಿ ಸೋರುತ್ತಿದ್ದರೆ, ಕೂಗಿದಾಗ ತಿರುಗದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಸರ್ಕಾರಿ ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಬಹುದು, ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಬಹುದು. ಮಾತು, ಕಲಿಕೆ ಎರಡರ ಬಗ್ಗೆಯೂ ಸಂದೇಹವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರು ಸಿಗುತ್ತಾರೆ. ಹೋಗುವಾಗ ಮಗಳು ಬರೆದ ಹಳೆಯ ನೋಟ್‌ಬುಕ್‌ಗಳನ್ನು ತಿದ್ದದೆ, ಇದ್ದ ಹಾಗೇ ತೆಗೆದುಕೊಂಡು ಹೋಗಿ. ಯಾವ ಅಕ್ಷರ ಯಾವುದಾಗುತ್ತಿದೆ ಎಂಬುದು ಅವರಿಗೆ ಅದರಲ್ಲೇ ಸಿಗುತ್ತದೆ.